ವರ್ಗವಾರು ಶೋಧನೆ: ಕೋಷ್ಟಕವನ್ನು ಓದುವ ಬಗೆ

ಸಂಸ್ಥೆಯೊಂದು ಬೆಳೆದಂತೆಲ್ಲ ಅದರ ಲೆಕ್ಕಪತ್ರಗಳೂ ಬೆಳೆಯುತ್ತವೆ. ಹಿಂದೆ ಗುಮಾಸ್ತರು ಪ್ರತಿಯೊಂದು ಬಾಬ್ತಿಗೂ ಪ್ರತ್ಯೇಕ ಖಾತೆಯನ್ನಿರಿಸಿ ವರ್ಷಾಂತ್ಯದಲ್ಲಿ ಮೊತ್ತ ಕೂಡುತ್ತಿದ್ದರು. ಇಂದು ಆ ಕಾರ್ಯವನ್ನು ಗಣಕಯಂತ್ರವು ಕ್ಷಣಮಾತ್ರದಲ್ಲಿ ನೆರವೇರಿಸುತ್ತದೆ. ದತ್ತಾಂಶಗಳನ್ನು ಕೋಷ್ಟಕಗಳಾಗಿ ನಿರೂಪಿಸುವ ಸಿದ್ಧಾಂತವನ್ನು ಇ. ಎಫ್. ಕಾಡ್ ಅವರು 1970ರಲ್ಲಿ ಪ್ರತಿಪಾದಿಸಿದರು. ಮೈಕ್ರೋಸಾಫ್ಟ್ ಸಂಸ್ಥೆಯು 2015ರಲ್ಲಿ ಸಾರ್ವಜನಿಕ ಬಳಕೆಗೆ ತಂದ ಪವರ್ ಬಿಐ ಎಂಬ ತಂತ್ರಾಂಶವೂ ಇಂತಹ ಕೋಷ್ಟಕಗಳನ್ನೇ ಆಧರಿಸಿದೆ. ಅದರಲ್ಲಿ ವರ್ಗವಾರು ಶೋಧನೆಯು ಹೇಗೆ ನಡೆಯುತ್ತದೆ, ಎಲ್ಲಿ ಎಡವುವ ಸಂಭವವಿದೆ ಎಂಬುದನ್ನು ವಿವೇಚಿಸುವುದು ಈ ಲೇಖನದ ಉದ್ದೇಶ.

ಒಂದು ವಿದ್ಯಾಸಂಸ್ಥೆಗೆ ಬಂದ ದೇಣಿಗೆ ಒಟ್ಟು 10,00,000 ರೂಪಾಯಿ ಎಂದು ಭಾವಿಸೋಣ. ಅದರಲ್ಲಿ ದಾಸೋಹಕ್ಕೆ 4,00,000, ವಿದ್ಯಾರ್ಥಿನಿಲಯಕ್ಕೆ 3,50,000, ಗ್ರಂಥಾಲಯಕ್ಕೆ 1,50,000, ಕಟ್ಟಡಕ್ಕೆ 1,00,000 ರೂಪಾಯಿ. ಸ್ಲೈಸರ್ ಎಂಬ ಆಯ್ಕೆಪಟ್ಟಿಯಲ್ಲಿ ‘ದಾಸೋಹ’ ಎಂಬುದನ್ನು ಆರಿಸಿದೊಡನೆ ಆ ಬಾಬ್ತಿನ ಸಾಲುಗಳು ಮಾತ್ರ ಉಳಿದು, ಮೊತ್ತವು 4,00,000 ಎಂದು ತೋರುತ್ತದೆ. ಉಳಿದ ಸಾಲುಗಳು ಅಳಿಸಿಹೋಗುವುದಿಲ್ಲ, ಮರೆಯಾಗುತ್ತವೆ, ಅಷ್ಟೆ.

ಮೊದಲನೆಯ ತೊಡಕು ಇಲ್ಲಿಯೇ ಇದೆ. ಒಟ್ಟು ದೇಣಿಗೆಯಲ್ಲಿ ದಾಸೋಹದ ಪಾಲೆಷ್ಟು ಎಂದು ಕೇಳಿದರೆ ಉತ್ತರವು ಶೇಕಡಾ 40 ಆಗಬೇಕು. ಆದರೆ ಸೂತ್ರವನ್ನು ಎಚ್ಚರಿಕೆಯಿಂದ ರಚಿಸದಿದ್ದರೆ ಶೇಕಡಾ 100 ಎಂದು ಬರುತ್ತದೆ. ಏಕೆಂದರೆ ಶೋಧನೆಯು ಅಂಶಕ್ಕೆ ಅನ್ವಯಿಸಿದಂತೆಯೇ ಛೇದಕ್ಕೂ ಅನ್ವಯಿಸುತ್ತದೆ. ಈ ತಂತ್ರಾಂಶದ ಡ್ಯಾಕ್ಸ್ ಭಾಷೆಯಲ್ಲಿ ಕ್ಯಾಲ್ಕುಲೇಟ್ ಎಂಬ ಕ್ರಿಯೆಯೊಳಗೆ ರಿಮೂವ್‌ಫಿಲ್ಟರ್ಸ್ ಎಂಬುದನ್ನು ಬಳಸಿ, ಛೇದದ ಮೇಲಿನ ಬಾಬ್ತಿನ ಶೋಧನೆಯನ್ನು ತೆಗೆದುಹಾಕಿದಾಗ ಸರಿಯಾದ ಉತ್ತರ ದೊರೆಯುತ್ತದೆ.

ಎರಡನೆಯ ತೊಡಕು ಇದಕ್ಕಿಂತಲೂ ಸೂಕ್ಷ್ಮವಾದದ್ದು. ದಾಸೋಹದ ದೇಣಿಗೆಯಲ್ಲಿ 60,000 ರೂಪಾಯಿಗಳನ್ನು ಯಾರೋ ‘ಅನ್ನದಾಸೋಹ’ ಎಂದು ದಾಖಲಿಸಿದ್ದರೆ, ಅರ್ಥವೊಂದೇ ಎಂಬುದು ಯಂತ್ರಕ್ಕೆ ತಿಳಿಯದು. ‘ದಾಸೋಹ’ವನ್ನು ಆರಿಸಿದಾಗ 3,40,000 ಮಾತ್ರ ಕಾಣುತ್ತದೆ. ಭಕ್ತಿಯಿಂದ ಕೊಟ್ಟ ದಾನವು ಪೆಟ್ಟಿಗೆಯಲ್ಲಿದ್ದರೂ ವರದಿಯಲ್ಲಿ ಇಲ್ಲವಾಗುತ್ತದೆ.

ಇದಕ್ಕೆ ಪರಿಹಾರವುಂಟು. ಬಾಬ್ತುಗಳಿಗಾಗಿಯೇ ಪ್ರತ್ಯೇಕ ಕೋಷ್ಟಕವೊಂದನ್ನು ರಚಿಸಿ, ಪ್ರತಿಯೊಂದು ಹೆಸರನ್ನೂ ಒಮ್ಮೆ ಮಾತ್ರ ಬರೆದು, ಅದನ್ನು ದೇಣಿಗೆಯ ಕೋಷ್ಟಕದೊಡನೆ ‘ಒಂದಕ್ಕೆ ಹಲವು’ ಎಂಬ ಸಂಬಂಧದಿಂದ ಜೋಡಿಸತಕ್ಕದ್ದು. ಆಯ್ಕೆಯನ್ನು ಈ ಬಾಬ್ತು ಕೋಷ್ಟಕದಿಂದಲೇ ಮಾಡಬೇಕು. ಆಗ ಶೋಧನೆಯು ‘ಒಂದು’ ಇರುವ ಕಡೆಯಿಂದ ‘ಹಲವು’ ಇರುವ ಕಡೆಗೆ ಹರಿಯುತ್ತದೆ. ಪಟ್ಟಿಯಲ್ಲಿಲ್ಲದ ಹೆಸರಿನಡಿ ದಾಖಲಾದ ಮೊತ್ತವು ಬ್ಲ್ಯಾಂಕ್ ಎಂಬ ಖಾಲಿ ಸಾಲಿನಲ್ಲಿ ಕಾಣಿಸಿಕೊಳ್ಳುತ್ತದೆ. ಹೀಗೆ ಅಡಗಿದ್ದ ದೋಷವು ತಾನಾಗಿಯೇ ಬೆಳಕಿಗೆ ಬರುತ್ತದೆ. ಆದುದರಿಂದ ಆ ಖಾಲಿ ಸಾಲನ್ನು ಅಂದಕ್ಕಾಗಿ ಮರೆಮಾಡದೆ, ಕಾರಣವನ್ನು ಹುಡುಕಿ ಮೂಲ ದಾಖಲೆಯನ್ನೇ ತಿದ್ದಬೇಕು.

ಶಿಕ್ಷಕರು ಪ್ರೌಢಶಾಲೆಯ ಮಕ್ಕಳಿಗೆ ಈ ವಿಷಯವನ್ನು ಶೇಕಡಾವಾರು ಲೆಕ್ಕದ ಪಾಠದೊಡನೆಯೇ ಬೋಧಿಸಬಹುದು. ಯಾವುದೇ ಮೊತ್ತವನ್ನು ಕಂಡಾಗ ‘ಇದು ಯಾವುದರ ಮೊತ್ತ? ಇಲ್ಲಿ ಬಿಟ್ಟಿರುವುದೇನು?’ ಎಂಬ ಎರಡು ಪ್ರಶ್ನೆಗಳನ್ನು ಕೇಳುವ ಅಭ್ಯಾಸ ಅವರಿಗಾಗಲಿ. ವರದಿಯನ್ನು ಸಿದ್ಧಪಡಿಸುವವರೂ ಯಾವ ಬಾಬ್ತನ್ನು, ಯಾವ ಅವಧಿಯನ್ನು ಆರಿಸಲಾಗಿದೆ ಎಂಬುದನ್ನು ಪ್ರತಿ ಪುಟದ ತಲೆಯಲ್ಲಿ ನಮೂದಿಸಬೇಕು. ದಾಸೋಹವು ದಾನಿಯ ಕೈಯಲ್ಲಿ ಆರಂಭವಾಗುತ್ತದೆ. ಅದರ ಲೆಕ್ಕವನ್ನು ಶುದ್ಧವಾಗಿರಿಸುವುದು ಸಂಸ್ಥೆಯಲ್ಲಿರುವವರ ಕಾಯಕ.