ಎದೆಯೊಳಗಿನ ಇನ್ನೊಂದು ಬಿ.ಪಿ.

ನನಗೆ ಬಿ.ಪಿ. ಎಂದರೆ ಸಾಕು, ಎಲ್ಲರೂ ಉಪ್ಪು ಬಿಡಿ ಎನ್ನುತ್ತಾರೆ. ತೋಳಿಗೆ ಪಟ್ಟಿ ಕಟ್ಟಿ ನೋಡಿದರೆ ನನ್ನದು 110/70. ಏರಿರುವುದು ಹೃದಯದ ಬಲಭಾಗದಿಂದ ಶ್ವಾಸಕೋಶಕ್ಕೆ ಹೋಗುವ ರಕ್ತನಾಳದಲ್ಲಿ. ಅಲ್ಲಿ ಸರಾಸರಿ ಒತ್ತಡ ಆರೋಗ್ಯವಂತರಿಗೆ 14ರ ಆಸುಪಾಸು. 20 ದಾಟಿದರೆ ಪಲ್ಮನರಿ ಹೈಪರ್‌ಟೆನ್ಷನ್. ಕ್ಯಾತಿಟರ್ ತೂರಿಸಿ ಅಳೆದಾಗ ನನ್ನದು 52 ಇತ್ತು. ಒಂದು ಮಹಡಿ ಹತ್ತಿದರೆ ಏದುಸಿರು ಬರುತ್ತಿದ್ದುದು ರಕ್ತ ಕಡಿಮೆಯಾಗಿ ಅಲ್ಲ, ಇದರಿಂದ.

ಪಿಯು ಮಕ್ಕಳಿಗೆ ಭೌತಶಾಸ್ತ್ರ ಪಾಠ ಮಾಡುವವಳು ನಾನು. ಕೊಳವೆಯ ತ್ರಿಜ್ಯ ಅರ್ಧಕ್ಕಿಳಿದರೆ ಹರಿವಿಗೆ ತಡೆ ಹದಿನಾರು ಪಟ್ಟಾಗುತ್ತದೆ ಎಂದು ಬೋರ್ಡಿನ ಮೇಲೆ ಎಷ್ಟೋ ಸಲ ಬರೆದಿದ್ದೇನೆ. ಅದೇ ಲೆಕ್ಕವನ್ನು ತಿರುಗಿಸಿ ನೋಡಿದರೆ, ನಾಳ ಶೇಕಡ 10ರಷ್ಟು ಅಗಲವಾದರೂ ತಡೆ ಹೆಚ್ಚುಕಡಿಮೆ ಮೂರನೇ ಒಂದು ಭಾಗ ಇಳಿಯಬೇಕು. ಜೀವವಿರುವ ನಾಳ ಗಾಜಿನ ಕೊಳವೆಯಲ್ಲ, ನಿಜ. ಆದರೂ ನಾಳ ಹಿಗ್ಗಿಸಲೆಂದು ಡಾಕ್ಟರು ಕೊಟ್ಟ ಇಷ್ಟು ಸಣ್ಣ ಮಾತ್ರೆಯಿಂದ ಏನಾದೀತು ಎಂಬ ನನ್ನ ಅನುಮಾನ ಕಳೆದದ್ದು ಈ ಲೆಕ್ಕದಿಂದಲೇ.

ಮಾತ್ರೆ ಸಿಲ್ಡೆನಾಫಿಲ್, 20 ಮಿ.ಗ್ರಾಂ., ದಿನಕ್ಕೆ ಮೂರು ಹೊತ್ತು. ಎದೆನೋವಿಗೆಂದು ಪರೀಕ್ಷೆಗಿಳಿದ ಈ ಔಷಧ 1998ರಲ್ಲಿ ವಯಾಗ್ರಾ ಆಗಿ ಮಾರುಕಟ್ಟೆಗೆ ಬಂತು; ಶ್ವಾಸಕೋಶದ ನಾಳಗಳ ಈ ಕಾಯಿಲೆಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 2005ರಲ್ಲಿ. ಮೆಡಿಕಲ್ ಶಾಪ್ ಹುಡುಗ ಚೀಟಿ ನೋಡಿ ದನಿ ತಗ್ಗಿಸಿದ: “ಮೇಡಂ, ಸರ್‌ಗಾ?” “ನನಗೇ ಕಣಪ್ಪ, ಕೊಡು” ಎಂದೆ.

ರಕ್ತನಾಳದ ಒಳಪದರ ನೈಟ್ರಿಕ್ ಆಕ್ಸೈಡ್ ಬಿಡುತ್ತದೆ. ಅದು ಪಕ್ಕದ ಸ್ನಾಯುಕೋಶದಲ್ಲಿ ಸೈಕ್ಲಿಕ್ ಜಿಎಂಪಿ ಹೆಚ್ಚಿಸುತ್ತದೆ, ಸ್ನಾಯು ಸಡಿಲಾಗುತ್ತದೆ, ನಾಳ ಅಗಲವಾಗುತ್ತದೆ. ಆ ಜಿಎಂಪಿಯನ್ನು ಒಡೆದುಹಾಕುವ ಕಿಣ್ವ ಪಿಡಿಇ-5. ಶ್ವಾಸಕೋಶದ ನಾಳಗಳಲ್ಲಿ ಅದು ಹೇರಳ. ಸಿಲ್ಡೆನಾಫಿಲ್ ಈ ಕಿಣ್ವವನ್ನು ತಡೆಯುತ್ತದೆ. ಆದರೆ ಪರಿಣಾಮ ಶ್ವಾಸಕೋಶದಲ್ಲೇ ನಿಲ್ಲುವುದಿಲ್ಲ. ಮೊದಮೊದಲು ತಲೆ ಸಿಡಿಯುತ್ತಿತ್ತು, ಮೂಗು ಕಟ್ಟುತ್ತಿತ್ತು, ಮುಖ ಬಿಸಿಯೇರುತ್ತಿತ್ತು. ಅಲ್ಲಿಯ ನಾಳಗಳೂ ಹಿಗ್ಗಿದ್ದವು, ಅಷ್ಟೇ.

ನಾಳ ಬಿಗಿದಿರುವುದಷ್ಟೇ ನನ್ನ ಕಾಯಿಲೆಯಾಗಿದ್ದರೆ ಕತೆ ಸುಲಭವಿತ್ತು. ಗೋಡೆಯೇ ದಪ್ಪವಾಗಿದೆ. ಕ್ಯಾತಿಟರ್ ಇದ್ದಾಗಲೇ ನೈಟ್ರಿಕ್ ಆಕ್ಸೈಡ್ ಉಸಿರಾಡಿಸಿ ನೋಡಿದರು. ಒತ್ತಡ ಕನಿಷ್ಠ 10 ಇಳಿದು 40 ಅಥವಾ ಅದಕ್ಕೂ ಕೆಳಗೆ ಬರಬೇಕಿತ್ತು. ನನ್ನದು 47ಕ್ಕೆ ನಿಂತಿತು. ಅದರಲ್ಲಿ ಪಾಸಾದವರಿಗೆ ಮಾತ್ರ ಅಗ್ಗದ ಕ್ಯಾಲ್ಸಿಯಂ ಚಾನೆಲ್ ಬ್ಲಾಕರ್ ಸಾಕು, ಅಂಥವರು ಬಹಳ ಕಡಿಮೆ. ಹಾಗಾಗಿ ನನಗೆ ಬೊಸೆಂಟಾನ್ ಕೂಡ ಸೇರಿತು. ನಾಳವನ್ನು ಬಿಗಿಸುವ ಎಂಡೋಥೀಲಿನ್ ಎಂಬ ವಸ್ತುವನ್ನು ಅದು ತಡೆಯುತ್ತದೆ. ಅದಕ್ಕೆ ತಿಂಗಳು ತಿಂಗಳು ಲಿವರ್ ಪರೀಕ್ಷೆ. ಗರ್ಭಿಣಿಯರು ಅದನ್ನು ಮುಟ್ಟುವಂತಿಲ್ಲ. ಈಗ ಮಹಡಿ ಹತ್ತುತ್ತೇನೆ, ಮಧ್ಯೆ ನಿಂತು. ಗುಣವಾಯಿತು ಎನ್ನಲಾರೆ.

ಇಷ್ಟಕ್ಕೇ ಸುದ್ದಿ ಹರಡಿತು. ಸಹೋದ್ಯೋಗಿಯೊಬ್ಬರು ಫೋನ್ ಮಾಡಿದರು: “ಮೇಡಂ, ನಮ್ಮ ಮಾವನ ಎಕೋದಲ್ಲೂ ಮೈಲ್ಡ್ ಪಲ್ಮನರಿ ಹೈಪರ್‌ಟೆನ್ಷನ್ ಅಂತ ಬರೆದಿದ್ದಾರೆ. ನಿಮ್ಮ ಮಾತ್ರೆ ಹೆಸರು ಕಳಿಸ್ತೀರಾ?” ಮಾವ ಹಳೆಯ ಬೀಡಿ ಸೇದುವವರು, ಶ್ವಾಸಕೋಶ ಹಾಳಾಗಿದೆ. ನಾನು ಕಳಿಸಲಿಲ್ಲ. ಅವರಿಗೆ ಸ್ವಲ್ಪ ಬೇಜಾರಾಯಿತು.

ಕಾರಣ ಇದು. ದೇಹದ ಬೇರೆ ಕಡೆ ಆಮ್ಲಜನಕ ಕಡಿಮೆಯಾದರೆ ರಕ್ತನಾಳ ಹಿಗ್ಗುತ್ತದೆ. ಶ್ವಾಸಕೋಶದಲ್ಲಿ ಮಾತ್ರ ಕುಗ್ಗುತ್ತದೆ. ಗಾಳಿ ತಲುಪದ ಮೂಲೆಗೆ ರಕ್ತ ಕಳಿಸಿ ಪ್ರಯೋಜನವಿಲ್ಲವಲ್ಲ, ಆದ್ದರಿಂದ ಗಾಳಿಯಿರುವ ಕಡೆಗೆ ತಿರುಗಿಸುತ್ತದೆ. ಈ ಮಾತ್ರೆ ಆ ಮೂಲೆಗಳನ್ನೂ ತೆರೆದುಬಿಟ್ಟರೆ ರಕ್ತ ಆಮ್ಲಜನಕ ಪಡೆಯದೆಯೇ ಹಿಂದಿರುಗುತ್ತದೆ. ಒತ್ತಡ ಇಳಿದರೂ ಉಸಿರಾಟ ಹದಗೆಡಬಹುದು. ಇನ್ನು ಕೆಲವರಲ್ಲಿ ಹೃದಯದ ಎಡಭಾಗ ಸೋತು ಹಿಂದೆ ಒತ್ತಡ ಏರಿರುತ್ತದೆ. ಅಂಥವರಿಗೆ ಇದನ್ನು ಕೊಡುವುದೆಂದರೆ ಮುಂದಿನ ಗೇಟು ತೆರೆಯದೆ ನಾಲೆಗೆ ಇನ್ನಷ್ಟು ನೀರು ಬಿಟ್ಟಂತೆ; ಶ್ವಾಸಕೋಶದಲ್ಲಿ ನೀರು ತುಂಬುವ ಅಪಾಯವಿದೆ. ರಿಪೋರ್ಟಿನಲ್ಲಿ ಹೆಸರು ಒಂದೇ, ಕಾಯಿಲೆ ಬೇರೆ. ಎಕೋ ಕೊಡುವುದು ಅಂದಾಜು. ಯಾವುದರಿಂದ ಏರಿದೆ ಎಂದು ಪತ್ತೆ ಮಾಡದೆ ನಾಳ ಹಿಗ್ಗಿಸುವ ಮಾತ್ರೆ ಶುರು ಮಾಡಬಾರದು.

ಈ ಮಾತ್ರೆ ನುಂಗುವವರು ಮನೆಯಲ್ಲಿದ್ದರೆ ಒಂದು ಕೋರಿಕೆ. ಎದೆನೋವೆಂದು ತುರ್ತು ವಿಭಾಗಕ್ಕೆ ಓಡಿದಾಗ, ನಾಲಿಗೆಯ ಕೆಳಗೆ ಸಾರ್ಬಿಟ್ರೇಟ್ ಮಾತ್ರೆ ಇಡುವ ಮೊದಲೇ ಸಿಲ್ಡೆನಾಫಿಲ್ ಹೆಸರು ಹೇಳಿ. ಎರಡೂ ಸೇರಿದರೆ ಬಿ.ಪಿ. ಪ್ರಾಣಾಪಾಯದ ಮಟ್ಟಕ್ಕೆ ಕುಸಿಯಬಹುದು. ಹೆಸರು ಬರೆದ ಚೀಟಿಯನ್ನು ಪರ್ಸಿನಲ್ಲೇ ಇಟ್ಟುಕೊಳ್ಳಿ.