ಕಾರು ಇಳಿಸಿ, ಸೊಂಟ ಉಳಿಸಿ

ಕಾರು ನೆಲಕ್ಕೆ ಹತ್ತಿರ ಕೂತರೆ ಚೆಂದ ಕಾಣುತ್ತದೆ, ನಾನೇನೂ ಇಲ್ಲ ಅನ್ನುವುದಿಲ್ಲ. ಟೈರಿಗೂ ಮೇಲಿನ ಕಮಾನಿಗೂ ನಡುವೆ ಇಡೀ ಅಂಗೈ ತೂರುವಷ್ಟು ಸಂದಿ ಇರುವುದು ನಿಮ್ಮ ಕಣ್ಣಿಗೆ ಚುಚ್ಚುತ್ತದೆ ಅಂದರೆ ಅದೂ ಅರ್ಥವಾಗುತ್ತದೆ. ಇಳಿಸಿದ ಗಾಡಿ ತಿರುವಿನಲ್ಲಿ ಕಡಿಮೆ ವಾಲುತ್ತದೆ, ಹೈವೇಯಲ್ಲಿ ನೆಟ್ಟಗೆ ಓಡುತ್ತದೆ, ಅದೂ ನಿಜ. ಆದರೆ ಮನೆಯವರ ಗ್ಯಾರೇಜಿನ ಗಲ್ಲಾದಲ್ಲಿ ವರ್ಷಗಟ್ಟಲೆ ಕೂತವಳು ನಾನು. ಇಳಿಸಿಕೊಡಿ ಅಂತ ಬಂದವರ ಮುಖ ನೋಡಿದ್ದೇನೆ, ಮೊದಲಿನ ಹಾಗೇ ಮಾಡಿಕೊಡಿ ಅಂತ ವಾಪಸ್ ಬಂದವರ ಮುಖವನ್ನೂ ನೋಡಿದ್ದೇನೆ. ಎರಡನೇ ಸಲ ಬರುವಾಗ ಜೊತೆಗೆ ಅಮ್ಮನೋ ಹೆಂಡತಿಯೋ ಇರುತ್ತಾರೆ, ಮಾತೆಲ್ಲ ಅವರದೇ.

ಕಾನೂನು ಮೊದಲು ಹೇಳಿಬಿಡುತ್ತೇನೆ, ಕೊನೆಗಿಟ್ಟರೆ ನೀವು ಅಲ್ಲಿಯವರೆಗೆ ಓದುವುದಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಕಂಪನಿ ಮೂಲತಃ ನಿಗದಿ ಮಾಡಿದ್ದಕ್ಕೂ ಆರ್.ಸಿ.ಯಲ್ಲಿರುವುದಕ್ಕೂ ತಾಳೆಯಾಗದಂತೆ ಗಾಡಿಯನ್ನು ಬದಲಾಯಿಸುವ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಅನುಮತಿ ಇಲ್ಲದ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಅಂತ ಸೇರಿಸಿದರು. ಸ್ಪ್ರಿಂಗ್ ಎತ್ತರ ಆರ್.ಸಿ.ಯಲ್ಲಿ ಎಲ್ಲಿ ಬರೆದಿದೆ ಅಂತ ನೀವು ಕೇಳಬಹುದು. ಕೇಳಿ, ಆದರೆ ಆರ್‌ಟಿಓ ಕಚೇರಿಯಲ್ಲಿ, ಕೆಲಸಕ್ಕೆ ಕೈ ಹಾಕುವ ಮುಂಚೆ, ಬರವಣಿಗೆಯಲ್ಲಿ ಕೇಳಿ. ರಸ್ತೆಬದಿಯಲ್ಲಿ ತಡೆದು ನಿಲ್ಲಿಸಿದ ಇನ್‌ಸ್ಪೆಕ್ಟರ್ ಮುಂದೆ ಆ ವಾದ ನಡೆಯುವುದಿಲ್ಲ. ಇನ್ಶೂರೆನ್ಸ್‌ನವರಿಗೂ ಮೊದಲೇ ತಿಳಿಸಿ. ಗುದ್ದಿಸಿಕೊಂಡ ಮೇಲೆ ಹೇಳುವುದು ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ. ಗಾಡಿ ವಾರಂಟಿಯಲ್ಲಿದ್ದರೆ ಅದು ಮುಗಿಯುವವರೆಗೆ ಸುಮ್ಮನಿರಿ.

ಸರಿ, ಅನುಮತಿಯ ಮಾತು ಮುಗಿಯಿತು ಅಂತಲೇ ಇಟ್ಟುಕೊಳ್ಳೋಣ. ಈಗ ದಯವಿಟ್ಟು ಸ್ಪ್ರಿಂಗ್ ಕತ್ತರಿಸುವ ಆಲೋಚನೆ ತಲೆಯಿಂದ ತೆಗೆದುಹಾಕಿ. ಗ್ರೈಂಡರ್ ಹಿಡಿದು ಒಂದು ಸುತ್ತು ಕತ್ತರಿಸಿ ಅರ್ಧ ಗಂಟೆಯಲ್ಲಿ ಕಾರು ಕೂರಿಸಿಕೊಡುವವರು ಎಲ್ಲ ಊರಲ್ಲೂ ಇದ್ದಾರೆ. ಆರು ಸುತ್ತು ಕೆಲಸ ಮಾಡುವ ಸ್ಪ್ರಿಂಗ್‌ನಲ್ಲಿ ಒಂದು ಹೋದರೆ ಉಳಿದದ್ದು ಇಪ್ಪತ್ತು ಪರ್ಸೆಂಟ್ ಗಡುಸಾಗುತ್ತದೆ. ಕತ್ತರಿಸಿದ ತುದಿ ಸ್ಪ್ರಿಂಗ್ ಸೀಟಿನ ಮೇಲೆ ಸರಿಯಾಗಿ ಕೂರುವುದಿಲ್ಲ. ಗುಂಡಿಯಲ್ಲಿ ಚಕ್ರ ಪೂರ್ತಿ ಜೋತುಬಿದ್ದಾಗ ಸ್ಪ್ರಿಂಗ್ ಸಡಿಲವಾಗಿ ಪಕ್ಕಕ್ಕೆ ಸರಿಯಲೂಬಹುದು. ಇನ್ನು ಗ್ಯಾಸ್ ಟಾರ್ಚ್‌ನಲ್ಲಿ ಕಾಯಿಸಿ ಕೂರಿಸುವವರಂತೂ ಉಕ್ಕಿನ ಹದವನ್ನೇ ಸುಟ್ಟುಬಿಡುತ್ತಾರೆ. ಅಂಥ ಸ್ಪ್ರಿಂಗ್ ಇನ್ನೂ ಕುಸಿಯುತ್ತದೆ, ಒಂದು ದಿನ ಮುರಿಯುತ್ತದೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅನ್ನುವುದು ಇದಕ್ಕೇ. ದುಡ್ಡು ಸಾಲದಿದ್ದರೆ ಆರು ತಿಂಗಳು ತಡೆಯಿರಿ, ಕಾರೇನೂ ಓಡಿಹೋಗುವುದಿಲ್ಲ.

ಇಷ್ಟಕ್ಕೂ ನಿಮ್ಮ ಸೊಂಟವನ್ನು ಕಾಯುವುದು ಎತ್ತರವಲ್ಲ. ಚಕ್ರಕ್ಕೆ ಮೇಲೆ ಕೆಳಗೆ ಆಡಲು ಎಷ್ಟು ಜಾಗ ಉಳಿದಿದೆ ಅನ್ನುವುದು. ಕಾರು ನಿಂತ ಎತ್ತರದಿಂದ ಮೇಲಕ್ಕೆ 80 ಮಿಲಿಮೀಟರ್ ಇದೆ ಅಂತ ಇಟ್ಟುಕೊಳ್ಳಿ. ನೀವು 50 ಇಳಿಸಿದಿರಿ, ಉಳಿದದ್ದು 30. ನಾಲ್ಕು ಜನ ಹತ್ತಿ ಕೂತರೆ ಅದೂ ಖಾಲಿ. ಆಮೇಲೆ ಪ್ರತಿ ಗುಂಡಿಗೂ ಶಾಕ್ ಅಬ್ಸಾರ್ಬರ್ ತನ್ನ ರಾಡಿನ ಮೇಲಿರುವ ಬಂಪ್ ಸ್ಟಾಪ್ ರಬ್ಬರಿಗೆ ಹೋಗಿ ಬಡಿಯುತ್ತದೆ, ಆ ಬಡಿತ ನೇರವಾಗಿ ಬೆನ್ನುಮೂಳೆಗೆ. ಹಾಸಿಗೆ ತೆಗೆದ ಮಂಚದ ಮೇಲೆ ದೊಪ್ಪನೆ ಕೂತಂತೆ. ಅದಕ್ಕೇ ಒಳ್ಳೆಯ ಕಂಪನಿಗಳು ಇಳಿಸುವ ಸ್ಪ್ರಿಂಗನ್ನು ಸ್ವಲ್ಪ ಗಡುಸಾಗಿಯೇ ಮಾಡುತ್ತವೆ, ಉಳಿದ ಜಾಗದಲ್ಲೇ ಹೊಡೆತ ಮುಗಿಯಲಿ ಅಂತ. ಗಡುಸು ಅಂದ ಕೂಡಲೇ ಹೆದರಬೇಡಿ. ಸ್ವಲ್ಪ ಗಡುಸಾಗಿದ್ದು ಬಂಪ್ ಸ್ಟಾಪ್ ಮುಟ್ಟದ ಗಾಡಿ, ಮೆತ್ತಗಿದ್ದು ಮುಟ್ಟುವ ಗಾಡಿಗಿಂತ ಎಷ್ಟೋ ಹಿತ.

ಹಾಗಾದರೆ ಎಷ್ಟು ಇಳಿಸಬಹುದು? ನನ್ನನ್ನು ಕೇಳಿದರೆ ನಮ್ಮ ರಸ್ತೆಗೆ 25 ಮಿಲಿಮೀಟರ್, ತೀರಾ ಹಟ ಹಿಡಿದರೆ 30. ಲೆಕ್ಕ ಹಾಕಿಯೇ ತೋರಿಸುತ್ತೇನೆ. ಈಗಿನ ಮಾರುತಿ ಸ್ವಿಫ್ಟ್‌ನ ಗ್ರೌಂಡ್ ಕ್ಲಿಯರೆನ್ಸ್ 163 ಮಿಲಿಮೀಟರ್. 30 ತೆಗೆದರೆ 133. ಮನೆಮಂದಿ, ಲಗೇಜು, ಫುಲ್ ಟ್ಯಾಂಕ್ ಸೇರಿದರೆ ಇನ್ನೂ ನಾಲ್ಕು ಸೆಂಟಿಮೀಟರ್ ಕುಸಿಯಿತು ಅನ್ನಿ, ಉಳಿದದ್ದು ಒಂಬತ್ತು ಚಿಲ್ಲರೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ಹಂಪ್ ಹತ್ತು ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲ, 17 ಮೀಟರ್ ತ್ರಿಜ್ಯದ ಸೌಮ್ಯ ಉಬ್ಬು. ಅದರ ಮೇಲೆ ಸ್ವಿಫ್ಟ್ ನಿಂತರೆ ಮುಂದಿನ ಹಿಂದಿನ ಚಕ್ರಗಳ ನಡುವೆ ಮೇಲೆದ್ದಿರುವ ಭಾಗ ಬರೀ ನಾಲ್ಕೂವರೆ ಸೆಂಟಿಮೀಟರ್, ಸಲೀಸಾಗಿ ದಾಟುತ್ತೀರಿ. ಆದರೆ ನಿಮ್ಮ ಲೇಔಟಿನಲ್ಲಿ, ಅದರಲ್ಲೂ ಅಲ್ಲಿನ ಜನರೇ ಸಿಮೆಂಟ್ ಕಲಸಿ ಕಟ್ಟಿಸಿದ ಹಂಪ್, ಯಾವ ಪುಸ್ತಕ ನೋಡಿ ಕಟ್ಟಿದ್ದು? ಗಿಡ್ಡ ಗೋಡೆ ಅದು. ಅದರ ಪೂರ್ತಿ ಎತ್ತರ ನಿಮ್ಮ ಗಾಡಿಯ ಹೊಟ್ಟೆಗೇ ಬರುತ್ತದೆ. ಒಂದು ಟೇಪ್ ಹಿಡಿದುಕೊಂಡು ಹೋಗಿ ನೀವು ದಿನಾ ದಾಟುವ ಹಂಪ್, ಅಪಾರ್ಟ್‌ಮೆಂಟ್ ಬೇಸ್‌ಮೆಂಟಿನ ಇಳಿಜಾರು, ವೈಟ್ ಟಾಪಿಂಗ್ ರಸ್ತೆಯಿಂದ ಅಡ್ಡರಸ್ತೆಗೆ ಇಳಿಯುವ ಮೆಟ್ಟಿಲು ಎಲ್ಲ ಅಳೆಯಿರಿ. ನೋಡಿದವರು ನಗಲಿ ಬಿಡಿ. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುವ ಗಾದೆ ಇಲ್ಲಿ ಅಕ್ಷರಶಃ ಟೇಪ್ ಹಿಡಿದು ಪಾಲಿಸುವಂಥದ್ದು. ಸಿಎನ್‌ಜಿ ಸಿಲಿಂಡರ್ ಇರುವ ಗಾಡಿಯಾದರೆ ಹಿಂಭಾಗ ಆಗಲೇ ತಗ್ಗಿರುತ್ತದೆ, ಅದನ್ನು ಮುಟ್ಟಲೇ ಬೇಡಿ.

ಸ್ಪ್ರಿಂಗ್ ಹೊಸದು ಹಾಕಿ ಶಾಕ್ ಅಬ್ಸಾರ್ಬರ್ ಹಳೆಯದೇ ಬಿಡುವವರು ಬಹಳ ಜನ. ಇದು ಅರ್ಧ ಕೆಲಸ. ಗಡುಸಾದ ಸ್ಪ್ರಿಂಗ್ ಹೆಚ್ಚು ಜೋರಾಗಿ ಹಿಂದಕ್ಕೆ ಚಿಮ್ಮುತ್ತದೆ, ಅದನ್ನು ಹಿಡಿದು ನಿಲ್ಲಿಸುವ ತಾಕತ್ತು ಹಳೆ ಶಾಕ್‌ಗೆ ಇರುವುದಿಲ್ಲ. ಗಾಡಿ ಗುಂಡಿ ದಾಟಿದ ಮೇಲೂ ಕುಣಿಯುತ್ತಿರುತ್ತದೆ, ಹಿಂದಿನ ಸೀಟಿನ ಮಕ್ಕಳು ವಾಂತಿ ಮಾಡುತ್ತಾರೆ. ನೀವು ಅದಕ್ಕೆ ಅವರು ತಿಂದ ಚಿಪ್ಸ್ ಕಾರಣ ಅನ್ನುತ್ತೀರಿ! ಸ್ಪ್ರಿಂಗ್, ಶಾಕ್ ಎರಡನ್ನೂ ಒಂದಕ್ಕೊಂದು ಹೊಂದುವ ಜೋಡಿಯಾಗಿಯೇ ಕೊಳ್ಳಿ. ಅದರ ಜೊತೆಗೇ ಸ್ಟ್ರಟ್ ಮೌಂಟ್, ಬೇರಿಂಗ್, ಬಂಪ್ ಸ್ಟಾಪ್ ಕೂಡ ಹೊಸದು ಹಾಕಿಸಿ. ಹೇಗಿದ್ದರೂ ಬಿಚ್ಚುತ್ತಾರೆ, ಕೂಲಿ ಒಂದೇ.

ಕಾಯಿಲ್‌ಓವರ್ (ಎತ್ತರ ಹೊಂದಿಸಬಹುದಾದ, ಸ್ಪ್ರಿಂಗ್ ಮತ್ತು ಶಾಕ್ ಸೇರಿದ ಸೆಟ್) ಹಾಕಿಸುವ ಆಸೆ ಇದ್ದರೆ ಅಂಗಡಿಯಲ್ಲಿ ಇದೊಂದು ಪ್ರಶ್ನೆ ಕೇಳಿ: ಎತ್ತರ ಹೊಂದಿಸುವುದು ಎಲ್ಲಿಂದ? ಅಗ್ಗದವುಗಳಲ್ಲಿ ಸ್ಪ್ರಿಂಗ್ ಸೀಟನ್ನು ಕೆಳಗೆ ತಿರುಗಿಸುವುದೊಂದೇ ದಾರಿ. ಇಳಿಸಿದಷ್ಟೂ ಚಕ್ರ ಆಡುವ ಜಾಗ ಹೋಗುತ್ತದೆ. ಕೆಳಗಿನ ಬ್ರಾಕೆಟ್ಟನ್ನೇ ಬೇರೆಯಾಗಿ ತಿರುಗಿಸುವ ಬಗೆಯಲ್ಲಿ ಶಾಕ್‌ನ ಒಳಗಿನ ಓಟ ಹಾಗೇ ಉಳಿಯುತ್ತದೆ, ಟೈರು ಮೇಲೆ ತಾಗದಂತೆ ಮಾತ್ರ ನೋಡಿಕೊಳ್ಳಬೇಕು. ಬೆಲೆ ಜಾಸ್ತಿ ನಿಜ, ನೆಮ್ಮದಿ ಬೇಕಾದವರು ಇದನ್ನೇ ತೆಗೆದುಕೊಳ್ಳಿ. ಇದರ ಮೇಲೆ ಶಾಕ್‌ನ ಬಿಗಿ ಹೊಂದಿಸುವ ಕ್ಲಿಕ್ ತಿರುಗಣಿ ಇದ್ದರೆ ಅದನ್ನು ಮೊದಲ ದಿನವೇ ಕೊನೆಯವರೆಗೆ ಬಿಗಿ ಮಾಡಿ ಸ್ಪೋರ್ಟಿ ಅನ್ನಬೇಡಿ. ಎಲ್ಲಕ್ಕಿಂತ ಮೆತ್ತಗೆ ಇಟ್ಟು ಶುರುಮಾಡಿ, ಕುಣಿತ ನಿಲ್ಲುವವರೆಗೆ ಎರಡೆರಡೇ ಕ್ಲಿಕ್ ಏರಿಸಿ, ಅಲ್ಲಿಗೆ ಬಿಡಿ.

ಜೋಡಿಸುವಾಗ ಎದುರಿಗೆ ನಿಂತುಕೊಳ್ಳಿ. ಮೆಕ್ಯಾನಿಕ್‌ಗಳು ಬೇಜಾರು ಮಾಡಿಕೊಳ್ಳಬಾರದು, ಆದರೆ ಒಂದು ಕೆಲಸವನ್ನು ಬಹಳ ಜನ ತಪ್ಪು ಮಾಡುತ್ತಾರೆ. ಲೋವರ್ ಆರ್ಮ್ ಬುಷ್‌ನಲ್ಲಿ ರಬ್ಬರು ಕಬ್ಬಿಣಕ್ಕೆ ಅಂಟಿಕೊಂಡಿರುತ್ತದೆ, ಬೋಲ್ಟ್ ಬಿಗಿ ಮಾಡಿದ ಭಂಗಿಯೇ ಅದಕ್ಕೆ ವಿಶ್ರಾಂತಿಯ ಭಂಗಿ. ಕಾರು ಜಾಕಿ ಮೇಲೆ ತೂಗಾಡುತ್ತಿರುವಾಗ ಬಿಗಿ ಮಾಡಿದರೆ, ನೆಲಕ್ಕಿಳಿಸಿದ ಗಳಿಗೆಯಿಂದ ರಬ್ಬರು ತಿರುಚಿಕೊಂಡೇ ಇರುತ್ತದೆ. ಗಾಡಿ ಕಾರಣವಿಲ್ಲದೆ ಗಡುಸಾಗುತ್ತದೆ, ಬುಷ್ ಬೇಗ ಹರಿಯುತ್ತದೆ. ಆದ್ದರಿಂದ ಆ ಬೋಲ್ಟುಗಳನ್ನು ಸಡಿಲ ಬಿಟ್ಟು, ಚಕ್ರದ ಮೇಲೆ ಪೂರ್ತಿ ಭಾರ ಬಂದ ಮೇಲೆ ಬಿಗಿ ಮಾಡಲು ಹೇಳಿ. ಇದೊಂದು ಮಾತು ಕೇಳಿದರೂ ನೀವು ಕೊಟ್ಟ ದುಡ್ಡಿನ ಕಾಲುಭಾಗ ಉಳಿಯಿತು. ಇನ್ನೊಂದು, ಅದುಮಿದ ಸ್ಪ್ರಿಂಗ್ ಬಾಂಬಿದ್ದ ಹಾಗೆ ಅಂತ ಗ್ಯಾರೇಜಿನ ಹುಡುಗರೇ ಹೇಳುತ್ತಾರೆ. ಸರಿಯಾದ ಸ್ಪ್ರಿಂಗ್ ಕಂಪ್ರೆಸರ್ ಇಲ್ಲದೆ ಮನೆ ಶೆಡ್ಡಿನಲ್ಲಿ ಹಗ್ಗ ಕಟ್ಟಿ ಆ ಕೆಲಸಕ್ಕೆ ಇಳಿಯಬೇಡಿ. ತಲೆ ಗಟ್ಟಿ ಇದೆ ಅಂತ ಬಂಡೆಗೆ ಹಾಯಬಾರದು.

ಇಳಿಸಿದ ಮೇಲೆ ಚಕ್ರದ ಕೋನಗಳು ಬದಲಾಗುತ್ತವೆ, ವೀಲ್ ಅಲೈನ್‌ಮೆಂಟ್ ಮಾಡಿಸದೆ ಮನೆಗೆ ಬರಬೇಡಿ. ಸ್ಪ್ರಿಂಗ್ ಕೂತುಕೊಳ್ಳಲು ಕೆಲವು ನೂರು ಕಿಲೋಮೀಟರ್ ಬೇಕು, ಆಮೇಲೆ ಇನ್ನೊಮ್ಮೆ ಮಾಡಿಸಿ. ಬಹುತೇಕ ಸಣ್ಣ ಕಾರುಗಳಲ್ಲಿ ಹಿಂದೆ ಒಂದೇ ತೊಲೆಯಂಥ ಆಕ್ಸಲ್, ಅಲ್ಲಿ ಕೋನ ಹೊಂದಿಸಲು ಏನೂ ಇರುವುದಿಲ್ಲ. ಮುಂದೆ ಟೈರಿನ ಒಳಅಂಚು ಬೇಗ ಸವೆಯುತ್ತಿದ್ದರೆ ಕ್ಯಾಂಬರ್ ಬೋಲ್ಟ್ ಹಾಕಬಹುದೇ ಕೇಳಿ. ಹೆಡ್‌ಲೈಟ್ ಬೆಳಕಿನ ಎತ್ತರವನ್ನೂ ಗೋಡೆಯ ಮೇಲೆ ನೋಡಿಸಿ.

ಟೈರಿನ ವಿಷಯದಲ್ಲಿ ನಿಮಗೆ ಸ್ವಲ್ಪ ಬೈಯಲೇಬೇಕು. ಇಳಿಸಿದ ಖುಷಿಯಲ್ಲಿ ದೊಡ್ಡ ಅಲಾಯ್, ತೆಳ್ಳನೆ ಟೈರು ಎರಡೂ ಒಟ್ಟಿಗೆ ಬೇಕು ಅನ್ನುತ್ತೀರಿ. 185/65 ಆರ್15 ಟೈರಿನ ಪಕ್ಕಗೋಡೆ 120 ಮಿಲಿಮೀಟರ್. ಅದೇ ಸುತ್ತಳತೆಗೆ ಹತ್ತಿರವಿರುವ 205/45 ಆರ್17 ಹಾಕಿದರೆ 92. ಸ್ಪ್ರಿಂಗ್‌ನಲ್ಲಿ ಮೆತ್ತನೆ ಕಳೆದದ್ದು ಸಾಲದು ಅಂತ ರಬ್ಬರಿನಲ್ಲೂ ಸುಮಾರು ಮೂರು ಸೆಂಟಿಮೀಟರ್ ಗಾಳಿ ಕಳೆದಿರಿ. ಚಾರ್ಮಾಡಿ ಘಾಟಿಯ ಕಿತ್ತುಹೋದ ತಿರುವಿನಲ್ಲಿ ರಿಮ್ ಬಾಗಿದಾಗ ಸ್ಟೆಪ್ನಿ ಬದಲಾಯಿಸುತ್ತಾ ಕೂರಬೇಕಾಗುತ್ತದೆ, ಅದೂ ಮಳೆಯಲ್ಲಿ. ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ. ಗಾಳಿಯನ್ನಂತೂ ಡ್ರೈವರ್ ಬಾಗಿಲಿನ ಒಳಗೆ ಅಂಟಿಸಿದ ಚೀಟಿಯಲ್ಲಿರುವಷ್ಟೇ ಹಾಕಿಸಿ. ಬಂಕಿನ ಹುಡುಗ ನಲವತ್ತು ಹಾಕಲಾ ಸಾರ್ ಅಂದರೆ ತಲೆಯಾಡಿಸಬೇಡಿ.

ಎಲ್ಲ ಮುಗಿದ ಮೇಲೆ ಐದು ರೂಪಾಯಿಯ ಪರೀಕ್ಷೆ ಮಾಡಿ. ಶಾಕ್‌ನ ಹೊಳೆಯುವ ರಾಡ್ ಕಾಣುವಂತಿದ್ದರೆ ಅದಕ್ಕೆ ತೆಳ್ಳನೆ ಕೇಬಲ್ ಟೈ ಒಂದನ್ನು ಸುತ್ತಿ, ಬುಡಕ್ಕೆ ತಳ್ಳಿ ಬಿಡಿ. ಮನೆಮಂದಿಯನ್ನೆಲ್ಲ ಹತ್ತಿಸಿಕೊಂಡು ನಿಮ್ಮ ಮಾಮೂಲಿ ರಸ್ತೆಯಲ್ಲಿ ಮಾಮೂಲಿ ವೇಗದಲ್ಲಿ ಒಂದು ಸುತ್ತು ಹೋಗಿ ಬನ್ನಿ. ಟೈ ಎಲ್ಲಿಗೆ ಸರಿದಿದೆಯೋ ಅಲ್ಲಿಯವರೆಗೆ ಶಾಕ್ ಒಳಗೆ ಹೋಗಿದೆ ಅಂತ ಅರ್ಥ. ಬಂಪ್ ಸ್ಟಾಪಿಗೆ ಬೆರಳಗಲ ಜಾಗ ಉಳಿದಿದ್ದರೆ ಶಹಭಾಸ್. ಟೈ ಹೋಗಿ ರಬ್ಬರಿಗೆ ಒತ್ತಿಕೊಂಡಿದ್ದರೆ ಹತ್ತು ಮಿಲಿಮೀಟರ್ ಏರಿಸಿ, ಸ್ನೇಹಿತರು ಏನನ್ನುತ್ತಾರೋ ಅಂತ ನೋಡಬೇಡಿ.

ಅಂದಹಾಗೆ, ನಿಮ್ಮ ತಕರಾರು ಬರೀ ತಿರುವಿನಲ್ಲಿ ವಾಲುವುದಾದರೆ ಇಳಿಸುವುದೇ ಬೇಡ. ಲಕ್ಷ ಕಿಲೋಮೀಟರ್ ಓಡಿದ ಗಾಡಿಗೆ ಹೊಸ ಶಾಕ್, ಹೊಸ ಬುಷ್ ಹಾಕಿ ನೋಡಿ. ಸಿಗುವುದಾದರೆ ಸ್ವಲ್ಪ ದಪ್ಪನೆಯ ಆಂಟಿ ರೋಲ್ ಬಾರ್ ಹಾಕಿಸಿ. ಅರ್ಧ ಜನರ ಆಸೆ ಅಲ್ಲಿಗೇ ತೀರುತ್ತದೆ.

ಬಿಚ್ಚಿದ ಹಳೆಯ ಸ್ಪ್ರಿಂಗ್, ಶಾಕ್‌ಗಳನ್ನು ಗುಜರಿಗೆ ಕೊಡಬೇಡಿ. ಎಡ, ಬಲ, ಮುಂದೆ, ಹಿಂದೆ ಅಂತ ಪೇಂಟಿನಲ್ಲಿ ಗುರುತು ಹಾಕಿ, ಎಣ್ಣೆ ಸವರಿ, ಗೋಣಿಚೀಲದಲ್ಲಿ ಕಟ್ಟಿ ಅಟ್ಟದ ಮೇಲಿಡಿ. ಮಾರುವಾಗ ಕೊಳ್ಳುವವರು ಕೇಳುತ್ತಾರೆ, ಎಫ್.ಸಿ. ನವೀಕರಣದ ದಿನ ಬೇಕಾಗುತ್ತದೆ, ಬಸುರಿ ಮಗಳು ತವರಿಗೆ ಬರುವ ತಿಂಗಳಲ್ಲಿ ನೀವೇ ಏಣಿ ಹಾಕಿ ಕೆಳಗಿಳಿಸುತ್ತೀರಿ.