ಕಾಯಕದ ಆಯ್ಕೆಯೂ ಊರಿನ ಆಯ್ಕೆಯೂ
(ನ್ಯಾಯವಾದಿಯಾಗ ಹೊರಟ ತರುಣರಿಗೊಂದು ಪಾಠ)

ಮನುಷ್ಯನಿಗೆ ಅನ್ನದ ದಾರಿ ಒಂದೂ ಕಾಣದಿದ್ದಾಗ ಉಂಟಾಗುವ ಚಿಂತೆ ಒಂದು ಬಗೆಯದು. ಎರಡು ಮೂರು ದಾರಿಗಳು ಏಕಕಾಲದಲ್ಲಿ ತೆರೆದುಕೊಂಡಾಗ ಉಂಟಾಗುವ ಚಿಂತೆ ಇನ್ನೊಂದು ಬಗೆಯದು. ಮೊದಲನೆಯದಕ್ಕೆ ಧೈರ್ಯವೇ ಔಷಧ, ಎರಡನೆಯದಕ್ಕೆ ವಿವೇಕವೇ ಔಷಧ. ಕಾನೂನು ವ್ಯಾಸಂಗವನ್ನು ಮುಗಿಸಿದ ನಮ್ಮ ಸೀಮೆಯ ತರುಣರಲ್ಲಿ ಕೆಲವರು ಇಂದು ಈ ಎರಡನೆಯ ಚಿಂತೆಗೆ ಒಳಗಾಗುತ್ತಿದ್ದಾರೆ. ಬೇರೆ ಬೇರೆ ನಗರಗಳ ವಕೀಲರ ಸಂಸ್ಥೆಗಳಿಂದ ನೇಮಕದ ಪತ್ರಗಳು ಬಂದಿರುತ್ತವೆ. ಯಾವುದಕ್ಕೆ ಒಪ್ಪಿಗೆ ಬರೆಯಬೇಕೆಂಬುದು ತಿಳಿಯದೆ ಮನೆಮಂದಿಯ ನಿದ್ದೆಯೆಲ್ಲ ಕೆಡುತ್ತದೆ. ಈ ವಿಷಯವನ್ನು ಕಾಯಕತತ್ತ್ವದ ಬೆಳಕಿನಲ್ಲಿ ಪರಿಶೀಲಿಸುವುದು ಈ ಪಾಠದ ಉದ್ದೇಶ.

ದೃಷ್ಟಾಂತ

ಒಂದು ದೃಷ್ಟಾಂತವನ್ನು ಕಲ್ಪಿಸಿಕೊಳ್ಳೋಣ. ಗುಬ್ಬಿಯ ಒಕ್ಕಲುಮನೆಯ ಮಗನೊಬ್ಬ ಕಾನೂನು ಪದವಿಯನ್ನು ಪಡೆದಿದ್ದಾನೆ. ಸ್ವಲ್ಪ ತೆಂಗು, ಸ್ವಲ್ಪ ಅಡಿಕೆ ಇರುವ ತೋಟದ ಪತ್ರವನ್ನು ಬ್ಯಾಂಕಿನಲ್ಲಿಟ್ಟು ತಂದೆ ಅವನನ್ನು ಓದಿಸಿದ್ದಾನೆ. ತಾಯಿಯ ತವರು ಕುಣಿಗಲ್. ಈಗ ತರುಣನ ಮುಂದೆ ಮೂರು ದಾರಿಗಳಿವೆ. ಮುಂಬಯಿಯ ದೊಡ್ಡ ಸಂಸ್ಥೆಯೊಂದರ ಪತ್ರ ಒಂದು; ಬೆಂಗಳೂರಿನ ಮಧ್ಯಮ ಗಾತ್ರದ ಸಂಸ್ಥೆಯ ಪತ್ರ ಇನ್ನೊಂದು; ತುಮಕೂರಿನ ಹಿರಿಯ ವಕೀಲರೊಬ್ಬರು ಬಾಯಿಮಾತಿನಲ್ಲಿ ನೀಡಿದ ಆಹ್ವಾನ ಮೂರನೆಯದು. ಹದಿನೈದು ದಿನಗಳೊಳಗೆ ಉತ್ತರ ಬರೆಯಬೇಕು.

ಕುಣಿಗಲಿನಿಂದ ಬಂದ ಸೋದರಮಾವ, "ನೋಡಪ್ಪಾ, ಮುಂಬಯಿ ಅಂದರೆ ಮುಂಬಯಿ. ಎರಡು ವರ್ಷ ಅಲ್ಲಿದ್ದು ಬಾ, ಆಮೇಲೆ ನಿನ್ನನ್ನು ಕೇಳಿಕೊಂಡು ಬರುವವರೇ ಬೇರೆ" ಎನ್ನುತ್ತಾನೆ. ತಾಯಿಯ ಮಾತು ಚಿಕ್ಕದು: "ಎಲ್ಲಿದ್ದರೂ ಸರಿ ಮಗನೇ, ಹೊತ್ತಿಗೆ ಸರಿಯಾಗಿ ಉಣ್ಣು." ತಂದೆ ಮೂರು ದಿನ ಏನನ್ನೂ ನುಡಿಯುವುದಿಲ್ಲ. ನಾಲ್ಕನೆಯ ದಿನ ತೋಟದಲ್ಲಿ ನೀರು ಕಟ್ಟುತ್ತಾ ಹೇಳುತ್ತಾನೆ: "ಊರ ಹತ್ತಿರವೇ ಇರು ಅನ್ನುವ ಮಾತು ನಾಲಗೆಯ ತುದಿಗೆ ಬರುತ್ತದಪ್ಪಾ. ಆದರೆ ತೋಟದ ಪತ್ರ ಬ್ಯಾಂಕಿನಲ್ಲಿರುವಾಗ ಆ ಮಾತು ಆಡುವ ಹಕ್ಕು ನನಗೆ ಇದೆಯೋ ಇಲ್ಲವೋ ತಿಳಿಯದು."

ಈ ಮಾತಿನಲ್ಲಿಯೇ ಪ್ರಶ್ನೆಯ ತಿರುಳೆಲ್ಲ ಅಡಗಿದೆ. ಪ್ರೀತಿ ಒಂದು ಕಡೆಗೆ ಎಳೆಯುತ್ತದೆ, ಋಣ ಇನ್ನೊಂದು ಕಡೆಗೆ ಎಳೆಯುತ್ತದೆ, ಕೀರ್ತಿ ಮತ್ತೊಂದು ಕಡೆಗೆ ಕರೆಯುತ್ತದೆ. ಇವುಗಳ ನಡುವೆ ಕಾಯಕ ಯಾವುದೆಂಬುದನ್ನು ಗುರುತಿಸುವುದೇ ವಿವೇಕ.

ಮೊದಲು ಕೆಲಸ, ಅನಂತರ ಊರು

ಸಾಮಾನ್ಯವಾಗಿ ಜನರು ಊರನ್ನು ಮೊದಲು ಆರಿಸಿ ಕೆಲಸವನ್ನು ಅನಂತರ ವಿಚಾರಿಸುತ್ತಾರೆ. ಇದು ಕ್ರಮವಲ್ಲ. ವಕೀಲಿ ಎಂಬುದು ಹೆಸರಿನಿಂದ ಒಂದಾದರೂ ಕೆಲಸದಿಂದ ಹಲವು. ಕಂಪನಿಗಳ ಕ್ರಯವಿಕ್ರಯದ ಕರಾರುಗಳನ್ನು ರಚಿಸುವವನು ವರ್ಷವೆಲ್ಲ ದುಡಿದರೂ ನ್ಯಾಯಾಧೀಶರ ಮುಂದೆ ಒಮ್ಮೆಯೂ ನಿಲ್ಲದಿರಬಹುದು. ತಾಲ್ಲೂಕು ನ್ಯಾಯಾಲಯದ ವಕೀಲನು ದಿನಕ್ಕೆ ಹತ್ತು ಬಾರಿ ಎದ್ದು ನಿಲ್ಲುತ್ತಾನೆ. ಎರಡೂ ಗೌರವದ ಕೆಲಸಗಳೇ. ಆದರೆ ಎರಡಕ್ಕೂ ಬೇಕಾದ ಸ್ವಭಾವ ಒಂದೇ ಅಲ್ಲ.

ಪ್ರತಿಯೊಂದು ನ್ಯಾಯಾಲಯಕ್ಕೂ ತನ್ನದೇ ಆದ ಇತಿಹಾಸವುಂಟು. ಆ ಇತಿಹಾಸವೇ ಅಲ್ಲಿಯ ಕೆಲಸದ ಸ್ವರೂಪವನ್ನು ನಿರ್ಣಯಿಸುತ್ತದೆ. 1862ರಲ್ಲಿ ಸ್ಥಾಪಿತವಾದ ಮುಂಬಯಿಯ ಉಚ್ಚ ನ್ಯಾಯಾಲಯಕ್ಕೆ ಆ ನಗರದ ದೊಡ್ಡ ಮೊತ್ತದ ಸಿವಿಲ್ ದಾವೆಗಳನ್ನು ತಾನೇ ಮೊದಲಿಗೆ ವಿಚಾರಿಸುವ ಅಧಿಕಾರವಿದೆ. ಕರ್ನಾಟಕದ ಉಚ್ಚ ನ್ಯಾಯಾಲಯವಾದರೋ 1884ರಲ್ಲಿ ಆರಂಭವಾದ ಮೈಸೂರಿನ ಚೀಫ್ ಕೋರ್ಟಿನಿಂದ ಬೆಳೆದುಬಂದದ್ದು. ಇಲ್ಲಿ ಸಾಧಾರಣ ಸಿವಿಲ್ ದಾವೆಗಳು ಕೆಳಗಿನ ನ್ಯಾಯಾಲಯಗಳಲ್ಲಿ ಹುಟ್ಟಿ ಮೇಲ್ಮನವಿಯಾಗಿ ಮೇಲಕ್ಕೆ ಹೋಗುತ್ತವೆ. 2008ರಲ್ಲಿ ಧಾರವಾಡ ಮತ್ತು ಕಲಬುರಗಿಗಳಲ್ಲಿ ಸಂಚಾರಿ ಪೀಠಗಳು ಆರಂಭವಾಗಿ, 2013ರಲ್ಲಿ ಸ್ಥಾಯಿ ಪೀಠಗಳಾದುವು. ಆದರೆ ತುಮಕೂರು, ಗುಬ್ಬಿ, ಕುಣಿಗಲುಗಳ ಮೇಲ್ಮನವಿಗಳು ಬೆಂಗಳೂರಿಗೇ ಹೋಗತಕ್ಕವು.

ಭಾಷೆಯನ್ನೂ ಗಮನಿಸತಕ್ಕದ್ದು. ಸಂವಿಧಾನದ 348ನೆಯ ಅನುಚ್ಛೇದದಂತೆ ಉಚ್ಚ ನ್ಯಾಯಾಲಯದ ವ್ಯವಹಾರ ಇಂಗ್ಲಿಷಿನಲ್ಲಿ ನಡೆಯುತ್ತದೆ. ನಮ್ಮ ಜಿಲ್ಲಾ ಮತ್ತು ತಾಲ್ಲೂಕು ನ್ಯಾಯಾಲಯಗಳಲ್ಲಾದರೋ ಕನ್ನಡಕ್ಕೆ ಸ್ಥಾನವುಂಟು. ಸಾಕ್ಷಿಯ ನುಡಿ ಕನ್ನಡದಲ್ಲಿಯೇ ಹೊರಡುತ್ತದೆ. ಕನ್ನಡದಲ್ಲಿ ಪಾಟೀಸವಾಲು ಮಾಡಬಲ್ಲ ತರುಣನಿಗೆ ಅದು ಇಲ್ಲಿ ಆಸ್ತಿ. ಮುಂಬಯಿಯಲ್ಲಿ ಆ ಆಸ್ತಿ ಪೆಟ್ಟಿಗೆಯೊಳಗಿನ ಒಡವೆಯಂತೆ ಉಳಿಯುತ್ತದೆ.

ದಾರಿ ಮುಚ್ಚಿಹೋಗುವುದಿಲ್ಲ

ಒಂದು ಊರನ್ನು ಆರಿಸಿದರೆ ಉಳಿದವೆಲ್ಲ ಶಾಶ್ವತವಾಗಿ ಕೈತಪ್ಪಿಹೋಗುವುವೆಂಬ ಭಯ ಅನೇಕರಲ್ಲಿದೆ. ಈ ಭಯಕ್ಕೆ ಆಧಾರವಿಲ್ಲ. 1961ರ ವಕೀಲರ ಅಧಿನಿಯಮವು ದೇಶಕ್ಕೆಲ್ಲ ಒಂದೇ ವರ್ಗದ ನ್ಯಾಯವಾದಿಗಳನ್ನು ಏರ್ಪಡಿಸಿತು. ಆ ಅಧಿನಿಯಮದ 30ನೆಯ ಪ್ರಕರಣವು 2011ರಲ್ಲಿ ಜಾರಿಗೆ ಬಂದ ಬಳಿಕ, ಒಂದು ರಾಜ್ಯದ ವಕೀಲರ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿದವನಿಗೆ ದೇಶದ ಎಲ್ಲ ನ್ಯಾಯಾಲಯಗಳಲ್ಲಿಯೂ ವಾದಿಸುವ ಹಕ್ಕು ದೊರೆತಿದೆ. ಒಂದು ರಾಜ್ಯದ ಪಟ್ಟಿಯಿಂದ ಮತ್ತೊಂದಕ್ಕೆ ಹೆಸರನ್ನು ವರ್ಗಾಯಿಸಿಕೊಳ್ಳುವುದಕ್ಕೂ ಅಲ್ಲಿ ಅವಕಾಶವುಂಟು. ಆದುದರಿಂದ ಆಯ್ಕೆ ಮುಖ್ಯವಾದುದೇ ಹೊರತು ಸೆರೆಯಲ್ಲ.

ಆದರೆ ಒಂದು ಎಚ್ಚರಿಕೆ ಅವಶ್ಯ. ಕಂಪನಿಯೊಂದರಲ್ಲಿ ಪೂರ್ಣಾವಧಿಯ ಸಂಬಳದ ನೌಕರಿಗೆ ಸೇರುವ ವಕೀಲನು, ಪರಿಷತ್ತಿನ ನಿಯಮದಂತೆ, ಆ ನೌಕರಿಯಲ್ಲಿರುವವರೆಗೆ ವಕೀಲಿಯನ್ನು ನಿಲ್ಲಿಸಬೇಕಾಗುತ್ತದೆ. ಪತ್ರದಲ್ಲಿ ತಾನು ಯಾವ ಸ್ಥಾನಕ್ಕೆ ಸೇರುತ್ತಿರುವೆನೆಂಬುದನ್ನು ಓದಿ ತಿಳಿಯದೆ ಯಾರೂ ಸಹಿ ಹಾಕಬಾರದು. ಬಿಟ್ಟುಹೋಗಲು ಎಷ್ಟು ತಿಂಗಳ ಮುನ್ಸೂಚನೆ ಕೊಡಬೇಕು, ನಡುವೆ ಬಿಟ್ಟರೆ ಹಣ ಕಟ್ಟಬೇಕೆಂಬ ಷರತ್ತು ಇದೆಯೇ, ಯಾರ ಕೈಕೆಳಗೆ ಕಲಿಯಬೇಕು, ನ್ಯಾಯಾಲಯಕ್ಕೆ ಹೋಗುವ ಅವಕಾಶವೆಷ್ಟು ಎಂಬಿವನ್ನು ಕೇಳುವುದು ಅವಿನಯವಲ್ಲ. ಕಕ್ಷಿದಾರನ ಕರಾರನ್ನು ಪರಿಶೀಲಿಸಬೇಕಾದವನು ತನ್ನ ಕರಾರನ್ನೇ ಓದದಿದ್ದರೆ ಅವನ ವಿದ್ಯೆಗೆ ಅರ್ಥವೇನು?

ಸಂಬಳದ ಲೆಕ್ಕ

ಸಂಬಳದ ಅಂಕಿಯನ್ನು ಮಾತ್ರ ನೋಡುವುದು ದೂರದ ಬೆಟ್ಟವನ್ನು ನೋಡಿದಂತೆ. ದೃಷ್ಟಾಂತದ ತರುಣನು ಒಂದು ಹಾಳೆಯ ಮೇಲೆ ಲೆಕ್ಕ ಬರೆದನೆಂದು ಭಾವಿಸೋಣ. ಮುಂಬಯಿಯ ಸಂಬಳವನ್ನು 100 ಭಾಗವೆಂದಿಟ್ಟುಕೊಂಡರೆ, ಬಾಡಿಗೆ, ಊಟ, ಓಡಾಟಗಳಿಗೆ 62 ಭಾಗ, ಊರಿಗೆ ಬಂದುಹೋಗುವುದಕ್ಕೆ 8 ಭಾಗ, ಉಳಿಯುವುದು 30. ಬೆಂಗಳೂರಿನ ಸಂಬಳ 70 ಭಾಗ. ವಾಸದ ವೆಚ್ಚ 38, ಪ್ರಯಾಣಕ್ಕೆ 2. ಉಳಿಯುವುದು ಅದೇ 30. ತುಮಕೂರಿನಲ್ಲಿ ದೊರೆಯುವುದು 20 ಭಾಗ. ಗುಬ್ಬಿಯ ಮನೆಯಿಂದಲೇ ಓಡಾಡಿದರೆ ವೆಚ್ಚ 8, ಉಳಿಯುವುದು 12. ಬ್ಯಾಂಕಿಗೆ ಕಟ್ಟಬೇಕಾದ ಕಂತು 20 ಭಾಗ.

ಈ ಲೆಕ್ಕ ಎರಡು ಸಂಗತಿಗಳನ್ನು ತಿಳಿಸುತ್ತದೆ. ಮುಂಬಯಿಯ 100ಕ್ಕೂ ಬೆಂಗಳೂರಿನ 70ಕ್ಕೂ ಇರುವ ಅಂತರ ಮನೆಗೆ ತಲಪುವಷ್ಟರಲ್ಲಿ ಕರಗಿಹೋಗುತ್ತದೆ. ತುಮಕೂರಿನ ಕೆಲಸ ಎಷ್ಟೇ ಮನಸ್ಸಿಗೊಪ್ಪಿದರೂ ಕಂತಿಗೆ 8 ಭಾಗ ಕಡಮೆ ಬೀಳುತ್ತದೆ. ಆ ಕೊರತೆಯನ್ನು ವಯಸ್ಸಾದ ತಂದೆ ಹೊರಬೇಕಾಗುತ್ತದೆ. ತನ್ನ ಇಷ್ಟದ ಬೆಲೆಯನ್ನು ಇನ್ನೊಬ್ಬರ ಬೆನ್ನಿನ ಮೇಲೆ ಹೇರುವುದು ಕಾಯಕವಾಗಲಾರದು.

ಇಲ್ಲಿ ಆಯ್ದಕ್ಕಿ ಮಾರಯ್ಯ-ಲಕ್ಕಮ್ಮ ದಂಪತಿಗಳ ವೃತ್ತಾಂತ ಸ್ಮರಣೀಯ. ನಿತ್ಯಕ್ಕೆ ಬೇಕಾದುದಕ್ಕಿಂತ ಹೆಚ್ಚಾಗಿ ಅಕ್ಕಿಯನ್ನು ಆಯ್ದು ತಂದ ಪತಿಯನ್ನು ಲಕ್ಕಮ್ಮ ತಡೆದು, ಮಿಕ್ಕುದನ್ನು ಹಿಂದಕ್ಕೆ ಸುರಿದು ಬರುವಂತೆ ಹೇಳಿದಳು. ಇದರಿಂದ ಬಡತನವೇ ಧರ್ಮವೆಂದು ತಿಳಿಯಲಾಗದು. ಬೇಕಾದುದು ಎಷ್ಟೆಂಬ ಅಳತೆಯನ್ನು ಮೊದಲು ನಿಶ್ಚಯಿಸಿಕೊಳ್ಳಬೇಕೆಂಬುದೇ ಅದರ ತಾತ್ಪರ್ಯ. ಅಳತೆ ಇಲ್ಲದವನಿಗೆ ನೂರೂ ಸಾಲದು. ಅಳತೆ ಇರುವವನಿಗೆ ಹನ್ನೆರಡು ಏಕೆ ಸಾಲದೆಂಬುದು ಸ್ಪಷ್ಟವಾಗಿ ತಿಳಿದಿರುತ್ತದೆ.

ನೆಲೆಯೂ ಸಂಚಾರವೂ

ಹುಟ್ಟಿದೂರಿನಲ್ಲಿಯೇ ಉಳಿಯುವುದು ಪುಣ್ಯ, ಮಹಾನಗರಕ್ಕೆ ಹೋಗುವುದು ಲೋಭ ಎಂಬ ಸುಲಭದ ತೀರ್ಮಾನಕ್ಕೆ ಶರಣಚರಿತ್ರೆ ಆಸರೆ ಕೊಡುವುದಿಲ್ಲ. ಬಾಗೇವಾಡಿಯಲ್ಲಿ ಜನಿಸಿದ ಬಸವಣ್ಣನವರು ಕೂಡಲಸಂಗಮದಿಂದ ಮಂಗಳವಾಡಕ್ಕೂ ಅಲ್ಲಿಂದ ಕಲ್ಯಾಣಕ್ಕೂ ಹೋದರು. ಅರಸನ ಭಂಡಾರದ ಲೆಕ್ಕ ಬರೆದರು. ರಾಜಧಾನಿಯ ಉದ್ಯೋಗ ಅವರ ಕಾಯಕಕ್ಕೆ ಅಡ್ಡಿಯಾಗಲಿಲ್ಲ. ತೋಂಟದ ಸಿದ್ಧಲಿಂಗ ಯತಿಗಳು ದೇಶವನ್ನು ಸಂಚರಿಸಿ, ಕುಣಿಗಲ್ ಸೀಮೆಯ ಕಗ್ಗೆರೆಯ ತೋಟದಲ್ಲಿ ತಪಸ್ಸು ಮಾಡಿ, ಕೊನೆಗೆ ಎಡೆಯೂರಿನಲ್ಲಿ ನೆಲೆಗೊಂಡರು. ಸಂಚಾರಕ್ಕೊಂದು ಕಾಲ, ನೆಲೆಗೊಂದು ಕಾಲ.

ವಕೀಲವೃತ್ತಿಯಲ್ಲಿಯೇ ಉಜ್ವಲವಾದ ನಿದರ್ಶನ ಬೇಕಾದರೆ ಫ. ಗು. ಹಳಕಟ್ಟಿಯವರ ಜೀವನವನ್ನು ನೋಡಬೇಕು. 1880ರಲ್ಲಿ ಧಾರವಾಡದಲ್ಲಿ ಜನಿಸಿದ ಅವರು ಮುಂಬಯಿಯಲ್ಲಿ ಓದಿ, 1904ರಲ್ಲಿ ಕಾನೂನು ಪದವೀಧರರಾದರು. ಮೊದಲು ಬೆಳಗಾವಿಯಲ್ಲಿ ವಕೀಲಿ ಆರಂಭಿಸಿ, ಬಳಿಕ ವಿಜಾಪುರಕ್ಕೆ ಬಂದು ನೆಲೆಸಿದರು. ಅಲ್ಲಿ ಸರಕಾರಿ ವಕೀಲರೂ ಆದರು. ಆದರೆ ಆ ವೃತ್ತಿಯಿಂದ ಬಂದುದನ್ನೆಲ್ಲ ಓಲೆಗರಿಗಳ ಸಂಗ್ರಹಕ್ಕೂ ಪ್ರಕಟಣೆಗೂ ಸುರಿದರು. 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗ ಬೆಳಕು ಕಂಡಿತು. 1926ರಲ್ಲಿ 'ಶಿವಾನುಭವ' ಪತ್ರಿಕೆ ಹೊರಟಿತು. ಮುದ್ರಣಾಲಯಕ್ಕಾಗಿ ತಮ್ಮ ಮನೆಯನ್ನೇ ಮಾರಿದರು. 1964ರಲ್ಲಿ ಅವರು ಲಿಂಗೈಕ್ಯರಾದಾಗ ಹಣವನ್ನು ಬಿಟ್ಟುಹೋಗಲಿಲ್ಲ; ಕನ್ನಡಿಗರ ಕೈಯಲ್ಲಿ ವಚನಗಳನ್ನು ಬಿಟ್ಟುಹೋದರು. ಅವರು ಓದಿದ್ದು ಮಹಾನಗರದಲ್ಲಿ, ಬೆಳಗಿದ್ದು ಜಿಲ್ಲಾ ಕೇಂದ್ರದಲ್ಲಿ. ಊರು ಅವರನ್ನು ದೊಡ್ಡವರನ್ನಾಗಿ ಮಾಡಲಿಲ್ಲ, ಚಿಕ್ಕವರನ್ನಾಗಿಯೂ ಮಾಡಲಿಲ್ಲ. ಊರನ್ನು ಅವರು ಬಳಸಿಕೊಂಡ ರೀತಿಯೇ ಮುಖ್ಯವಾಯಿತು.

ತೀರ್ಮಾನ

ದೃಷ್ಟಾಂತದ ತರುಣನು ಎರಡು ಸಂಸ್ಥೆಗಳಿಗೂ ಒಂದೇ ಪ್ರಶ್ನೆಯನ್ನು ಬರೆದು ಕೇಳಿದನು: "ಮೊದಲ ಎರಡು ವರ್ಷಗಳಲ್ಲಿ ನನ್ನ ಕೆಲಸ ಯಾವುದು?" ಕಂಪನಿಗಳ ಕರಾರುಪತ್ರಗಳ ಪರಿಶೀಲನೆ ಎಂದು ಮುಂಬಯಿಯಿಂದ ಉತ್ತರ ಬಂದಿತು. ಉಚ್ಚ ನ್ಯಾಯಾಲಯದಲ್ಲಿ ಭೂಮಿಗೆ ಸಂಬಂಧಿಸಿದ ಮೇಲ್ಮನವಿಗಳ ತಯಾರಿ, ಹಿರಿಯರೊಡನೆ ಕಲಾಪಕ್ಕೆ ಹಾಜರಿ ಎಂದು ಬೆಂಗಳೂರಿನಿಂದ ಬಂದಿತು. ವಿದ್ಯಾರ್ಥಿದೆಸೆಯಲ್ಲಿ ತುಮಕೂರಿನ ನ್ಯಾಯಾಲಯದ ಜಗಲಿಯಲ್ಲಿ, ತೀರ್ಪಿನ ಅರ್ಥವನ್ನು ಕನ್ನಡದಲ್ಲಿ ಬಿಡಿಸಿ ಹೇಳಿದಾಗ ಮುದುಕಿಯೊಬ್ಬಳ ಮುಖ ಅರಳಿದುದನ್ನು ಅವನು ಕಂಡಿದ್ದನು. ಈ ವೃತ್ತಿಯಲ್ಲಿ ಅವನ ಮನಸ್ಸು ನಿಂತದ್ದು ಅಂದೇ. ಆ ಕಡೆಗೆ ಕರೆದೊಯ್ಯುವ ದಾರಿಯೂ ಕಂತನ್ನು ತೀರಿಸುವ ದಾರಿಯೂ ಸೇರುವ ಸ್ಥಳ ಬೆಂಗಳೂರು ಎಂಬುದು ಅವನಿಗೆ ತಿಳಿಯಿತು.

ಅವನು ಒಪ್ಪಿಗೆ ಬರೆದ ದಿನವೇ ಮುಂಬಯಿಗೆ ವಿನಯದಿಂದ ನಿರಾಕರಣೆಯ ಪತ್ರವನ್ನೂ ಬರೆದನು. ಒಂದಕ್ಕೆ ಮಾತು ಕೊಟ್ಟು ಇನ್ನೊಂದನ್ನು ಕೈಯಲ್ಲಿ ಹಿಡಿದು ತೂಗುವುದು ನುಡಿಗೆ ಬಂದ ಕುಂದು. ಆ ಸ್ಥಾನಕ್ಕಾಗಿ ಕಾಯುತ್ತಿರುವ ಮತ್ತೊಬ್ಬ ತರುಣನಿಗೆ ಮಾಡಿದ ಅನ್ಯಾಯವೂ ಹೌದು. ತುಮಕೂರಿನ ಹಿರಿಯರ ಬಳಿಗೆ ತಾನೇ ಹೋಗಿ ಕಾರಣವನ್ನು ಮುಚ್ಚದೆ ಹೇಳಿದನು. "ಸಾಲ ತೀರಿಸಿಕೊಂಡು ಬಾರಪ್ಪಾ, ಬಾಗಿಲು ತೆರೆದೇ ಇರುತ್ತದೆ" ಎಂದರು ಅವರು. ಮನೆಗೆ ಬಂದು ತಂದೆಯೊಡನೆ ಅವನು ಹೇಳಿದ್ದು ಇಷ್ಟೇ: "ಪತ್ರ ಬ್ಯಾಂಕಿನಿಂದ ಮನೆಗೆ ಬಂದ ದಿನ ಈ ಮಾತನ್ನು ಮತ್ತೆ ಆಡೋಣ ಅಪ್ಪಾ. ಅಂದು ನೀವು ಹೇಳಬೇಕೆಂದಿದ್ದನ್ನು ಹೇಳಿ."

ಈ ತೀರ್ಮಾನ ಅವನೊಬ್ಬನದು, ಎಲ್ಲರ ಸೂತ್ರವಲ್ಲ. ಸಾಲವಿಲ್ಲದವನಿಗೆ ತುಮಕೂರೇ ಸರಿಯಾಗಬಹುದು. ಗುಬ್ಬಿ ತಾಲ್ಲೂಕಿನಲ್ಲಿ 2023ರಲ್ಲಿ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟಿತವಾದ ಮೇಲೆ ದೊಡ್ಡ ಉದ್ಯಮ ದೂರದ ನಗರದ ಸಂಗತಿಯಾಗಿ ಉಳಿದಿಲ್ಲ. ವಾಣಿಜ್ಯದ ಕಾನೂನಿನಲ್ಲಿ ನಿಜವಾದ ಆಸಕ್ತಿಯಿರುವವನಿಗೆ ಮುಂಬಯಿಗಿಂತ ಒಳ್ಳೆಯ ಗರಡಿ ಇಲ್ಲದಿರಬಹುದು. ಫಲ ಬೇರೆಯಾದರೂ ವಿಚಾರದ ಕ್ರಮ ಒಂದೇ.

ಮನನಕ್ಕೆ

1. ಆರಿಸುತ್ತಿರುವುದು ಕೆಲಸವನ್ನೋ, ಊರಿನ ಹೆಸರನ್ನೋ?
2. ಸಂಬಳದಲ್ಲಿ ಮನೆಗೆ ತಲಪುವ ಭಾಗವೆಷ್ಟು? ಬೇಕಾದ ಅಳತೆ ಎಷ್ಟು?
3. ಈ ಆಯ್ಕೆಯ ಭಾರವನ್ನು ಹೊರುವವರು ಯಾರು? ಅವರನ್ನು ಕೇಳಿದ್ದಾಗಿದೆಯೇ?
4. ಕೊಟ್ಟ ಮಾತಿಗೂ ಬರೆದ ಪತ್ರಕ್ಕೂ ಅಂತರವಿದೆಯೇ?

ಈ ನಾಲ್ಕು ಪ್ರಶ್ನೆಗಳಿಗೆ ನಿರ್ವಂಚನೆಯಿಂದ ಉತ್ತರ ಬರೆದುಕೊಂಡವನು ಯಾವ ಊರಿನ ರೈಲು ಹತ್ತಿದರೂ ದಾರಿ ತಪ್ಪಲಾರನು.